ಮೇಜಿನ ಮೇಲಿನ ಹಾಯಿಹಡಗು

1954ರ ಮೇ ತಿಂಗಳು. ಈಜಿಪ್ಟಿನ ಗೀಜಾದಲ್ಲಿ ಖುಫು ದೊರೆಯ ಮಹಾ ಪಿರಮಿಡ್ಡಿನ ದಕ್ಷಿಣ ಮಗ್ಗುಲಿನ ಮಣ್ಣುರಾಶಿ ತೆರವು ಮಾಡುತ್ತಿದ್ದವರಿಗೆ ಸುಣ್ಣಕಲ್ಲಿನ ಭಾರೀ ಚಪ್ಪಡಿಗಳ ಸಾಲೊಂದು ಕಾಣಿಸಿತು. ಚಪ್ಪಡಿಗೆ ತೂತು ಕೊರೆದಾಗ ಕೆಳಗಿನ ಕತ್ತಲಗುಂಡಿಯಿಂದ ದೇವದಾರು ಮರದ ಪರಿಮಳ ಮೇಲೆದ್ದು ಬಂತು. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನ ಹಡಗೊಂದು ಅಲ್ಲಿತ್ತು. ಆದರೆ ಹಡಗಿನ ರೂಪದಲ್ಲಲ್ಲ. ಬಿಚ್ಚಿ, ಅಚ್ಚುಕಟ್ಟಾಗಿ ಪೇರಿಸಿಟ್ಟ 1,224 ಮರದ ತುಂಡುಗಳ ರೂಪದಲ್ಲಿ.

ಅವುಗಳನ್ನು ಮತ್ತೆ ಜೋಡಿಸುವ ಕೆಲಸ ಅಹಮದ್ ಯೂಸುಫ್ ಎಂಬ ಕುಶಲ ಜೀರ್ಣೋದ್ಧಾರಕರ ಪಾಲಿಗೆ ಬಂತು. ನಕ್ಷೆಯಿಲ್ಲ, ಬರಹವಿಲ್ಲ, ಕೇಳೋಣವೆಂದರೆ ಅಂಥ ಹಡಗು ಕಟ್ಟಿದವರ ವಂಶವೂ ಉಳಿದಿಲ್ಲ. ಹಲಗೆಗಳನ್ನು ಒಂದಕ್ಕೊಂದು ಹೊಲಿಯಲು ಕೊರೆದ ತೂತುಗಳಷ್ಟೇ ಸಾಕ್ಷಿ. ಯೂಸುಫ್ ನೈಲ್ ನದಿಯ ದೋಣಿ ಕಟ್ಟುವವರ ಬಳಿ ಹೋಗಿ ಅವರ ಕೆಲಸ ನೋಡಿ ಕಲಿತರು. ಬಳಿಕ ಮೂಲ ತುಂಡುಗಳ ತಂಟೆಗೆ ಹೋಗುವ ಮೊದಲು ಅವುಗಳ ಹತ್ತನೆಯ ಒಂದು ಅಳತೆಯ ಪುಟ್ಟ ತುಂಡುಗಳನ್ನು ಮಾಡಿ, ಮಾದರಿಯಲ್ಲಿ ಜೋಡಿಸಿ, ಬಿಚ್ಚಿ, ಮತ್ತೆ ಜೋಡಿಸಿದರು. ಪುಟ್ಟ ಹಡಗಿನಲ್ಲಿ ತಪ್ಪಿದರೆ ನಷ್ಟವಾಗುವುದು ಒಂದು ದಿನದ ದುಡಿಮೆ. ದೊಡ್ಡದರಲ್ಲಿ ತಪ್ಪಿದರೆ ಪ್ರಪಂಚದಲ್ಲಿ ಇನ್ನೊಂದಿಲ್ಲದ ಮರ ಮುರಿಯುತ್ತದೆ. ಹತ್ತು ವರ್ಷಕ್ಕೂ ಮೀರಿ ನಡೆದ ಈ ತಪಸ್ಸಿನ ಫಲವಾಗಿ ಸುಮಾರು 43 ಮೀಟರ್ ಉದ್ದದ ರಾಜನೌಕೆ ಎದ್ದು ನಿಂತಿತು. 2021ರಲ್ಲಿ ಅದನ್ನು ಗೀಜಾದ ಹೊಸ ಮಹಾ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು.

ಹಡಗಿನ ಮಾದರಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೈಠಕ್‌ಖಾನೆಯ ಗಾಜಿನ ಪೆಟ್ಟಿಗೆಯೊಳಗಿನ ಅಲಂಕಾರದ ವಸ್ತು, ಇಲ್ಲವೇ ಹುಡುಗರ ಆಟಿಕೆ. ಆದರೆ ಅಳತೆಗೆ ತಕ್ಕಂತೆ ಮಾಡಿದ ಮಾದರಿಯ ಚರಿತ್ರೆಯನ್ನು ಕೆದಕಿದರೆ ಅದು ದೊರೆಗಳ ಬೊಕ್ಕಸದ, ಯುದ್ಧಗಳ, ಸೆರೆಮನೆಗಳ ಮತ್ತು ಕಳೆದುಹೋದ ವಿದ್ಯೆಗಳ ಚರಿತ್ರೆಯೂ ಆಗಿದೆ.

ದೇವರಿಗೆ, ಸತ್ತವರಿಗೆ

ಮೊದಲ ಮಾದರಿಗಳನ್ನು ಮಾಡಿದ್ದು ಬದುಕಿರುವವರಿಗಾಗಿ ಅಲ್ಲ. ಕ್ರಿ.ಪೂ. 2000ದ ಸುಮಾರಿಗೆ ಈಜಿಪ್ಟಿನ ಮೆಕೆತ್ರೆ ಎಂಬ ಉನ್ನತಾಧಿಕಾರಿಯ ಸಮಾಧಿಯಲ್ಲಿ ಅಂಬಿಗರು, ಅಡಿಗೆಯವರು, ಸಂಗೀತಗಾರರ ಸಮೇತವಾದ ಮರದ ದೋಣಿಗಳನ್ನು ಇಟ್ಟಿದ್ದರು. 1920ರಲ್ಲಿ ಅವು ಸಿಕ್ಕವು. ತುತಾಂಖಾಮನ್ ದೊರೆಯ ಸಮಾಧಿಯಲ್ಲಿಯೂ 35 ದೋಣಿ ಮಾದರಿಗಳಿದ್ದವು. ಪರಲೋಕದ ಪ್ರಯಾಣಕ್ಕೆ ವಾಹನ ಬೇಕಲ್ಲ!

ಯುರೋಪಿನ ಕರಾವಳಿಯಲ್ಲಿ ಇದು ಹರಕೆಯ ರೂಪ ತಾಳಿತು. ಬಿರುಗಾಳಿಯಿಂದ ಪಾರಾದ ನಾವಿಕರು ತಮ್ಮ ಹಡಗಿನ ಪುಟ್ಟ ಪ್ರತಿಕೃತಿ ಮಾಡಿಸಿ ಇಗರ್ಜಿಯ ಸೂರಿನಿಂದ ತೂಗುಹಾಕುತ್ತಿದ್ದರು. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ತೊಟ್ಟಿಲು, ಬೆಳ್ಳಿಯ ಕಣ್ಣು ಒಪ್ಪಿಸುವಂತೆಯೇ ಇದೂ. ಸ್ಪೇನಿನ ಕತಲೂನ್ಯದ ಮಾತಾರೋ ಎಂಬಲ್ಲಿಯದೆನ್ನಲಾದ 15ನೆಯ ಶತಮಾನದ ಅಂಥ ಒಂದು ಹರಕೆಯ ಹಡಗು ಇಂದು ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ವಸ್ತುಸಂಗ್ರಹಾಲಯದಲ್ಲಿದೆ. ಕೊಲಂಬಸನ ಕಾಲಕ್ಕೆ ಮುಂಚಿನ ಹಡಗುಗಳ ಒಡಲು ಹೇಗಿತ್ತು, ತೊಲೆಗಳು ಹೇಗೆ ಕೂಡುತ್ತಿದ್ದವು ಎಂದು ತಿಳಿಯಲು ವಿದ್ವಾಂಸರು ಇಂದಿಗೂ ಅದರತ್ತ ತಿರುಗುತ್ತಾರೆ. ಹರಕೆ ಹೊತ್ತವನು ಭಕ್ತಿಯಿಂದ ಮಾಡಿಸಿದ್ದು ಚರಿತ್ರೆಕಾರನಿಗೆ ದಾಖಲೆಯಾಯಿತು.

ದೊರೆಯ ಮುಂದೆ

17ನೆಯ ಶತಮಾನಕ್ಕೆ ಬಂದರೆ ಮಾದರಿಯ ಕೆಲಸವೇ ಬದಲಾಗುತ್ತದೆ. ಆಗ ಯುದ್ಧನೌಕೆಯೆಂದರೆ ಒಂದು ರಾಜ್ಯ ಮಾಡಬಹುದಾದ ಅತಿ ದೊಡ್ಡ ಖರ್ಚುಗಳಲ್ಲಿ ಒಂದು. ಹಣ ಕೊಡುವ ದೊರೆಗೂ ಮಂತ್ರಿಗಳಿಗೂ ಬಡಗಿಯ ರೇಖೆಗಳು ಅರ್ಥವಾಗುತ್ತಿರಲಿಲ್ಲ. ಮಾದರಿಯಾದರೋ ಯಾರಿಗೂ ಓದಲು ಬರುವ ಭಾಷೆ. ಇಂಗ್ಲೆಂಡಿನ ಹಡಗು ಶಿಲ್ಪಿ ಫಿನಿಯಸ್ ಪೆಟ್ ಇದನ್ನು ಚೆನ್ನಾಗಿ ಅರಿತಿದ್ದ. 1607ರಲ್ಲಿ ಆತ ಮಾಡಿದ ಮಾದರಿ ಒಂದನೆಯ ಜೇಮ್ಸ್ ದೊರೆಯ ಮನ ಸೆಳೆಯಿತು. ಅದರ ಫಲವೇ 1610ರ ‘ಪ್ರಿನ್ಸ್ ರಾಯಲ್’. ಮುಂದೆ 1634ರಲ್ಲಿ ಜೇಮ್ಸನ ಮಗ ಒಂದನೆಯ ಚಾರ್ಲ್ಸನಿಗೂ ಪೆಟ್ ಒಂದು ಮಾದರಿ ತೋರಿಸಿದ. ಮೂರು ವರ್ಷಗಳಲ್ಲಿ ನೂರಕ್ಕೂ ಮಿಗಿಲಾದ ಫಿರಂಗಿಗಳ, ಮೈತುಂಬ ಚಿನ್ನದ ಲೇಪದ ‘ಸಾವರಿನ್ ಆಫ್ ದಿ ಸೀಸ್’ ನೀರಿಗಿಳಿಯಿತು. ಖರ್ಚು 65,586 ಪೌಂಡು. ಇದೇ ವರ್ಷಗಳಲ್ಲಿ ಚಾರ್ಲ್ಸ್ ಸಂಸತ್ತಿನ ಒಪ್ಪಿಗೆಯಿಲ್ಲದೆ ನಾಡಿನ ಮೇಲೆ ಹೇರಿದ ‘ಹಡಗು ತೆರಿಗೆ’ ಜನರನ್ನು ಕೆರಳಿಸಿತು. 1642ರಲ್ಲಿ ಅಂತರ್ಯುದ್ಧ ಸಿಡಿಯಲು ಇದ್ದ ಕಾರಣಗಳಲ್ಲಿ ಅದೂ ಒಂದು. 1649ರಲ್ಲಿ ದೊರೆಯ ತಲೆಯೇ ಉರುಳಿತು.

ಮಾದರಿ ಹಿಡಿದು ಪಾಠ ಕಲಿತವರೂ ಉಂಟು. ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೆಪಿಸ್ 1660ರಲ್ಲಿ ಇಂಗ್ಲೆಂಡಿನ ನೌಕಾ ಮಂಡಲಿಯ ಗುಮಾಸ್ತನಾಗಿ ಬಂದಾಗ ಅವನಿಗೆ ಹಡಗಿನ ಗಂಧಗಾಳಿ ಇರಲಿಲ್ಲ. 1662ರಲ್ಲಿ, 29ರ ಹರೆಯದಲ್ಲಿ, ಕೂಪರ್ ಎಂಬ ನಾವಿಕನನ್ನು ಗುರುವಾಗಿ ಇಟ್ಟುಕೊಂಡು ಮೊದಲು ಮಗ್ಗಿ ಬಾಯಿಪಾಠ ಮಾಡಿದ. ಬಳಿಕ ತನ್ನ ಕೋಣೆಯಲ್ಲಿದ್ದ ಹಡಗಿನ ಮಾದರಿ ಮುಂದಿಟ್ಟುಕೊಂಡು ಒಂದೊಂದು ಭಾಗದ ಹೆಸರು ಕಲಿತ. ಮರದ ಅಳತೆಯಲ್ಲಿ, ಹಗ್ಗದ ಖರೀದಿಯಲ್ಲಿ ಗುತ್ತಿಗೆದಾರರು ಮಾಡುತ್ತಿದ್ದ ಮೋಸ ಹಿಡಿಯಲು ಅವನಿಗೆ ಈ ವಿದ್ಯೆ ಬೇಕಿತ್ತು. ಬ್ರಿಟಿಷ್ ನೌಕಾಡಳಿತವನ್ನು ಕಟ್ಟಿ ನಿಲ್ಲಿಸಿದವರಲ್ಲಿ ಅವನ ಹೆಸರು ಮೊದಲ ಸಾಲಿನಲ್ಲಿದೆ.

ಆ ಕಾಲದ ಮಾದರಿಗಳನ್ನು ಇಂದು ‘ನೇವಿ ಬೋರ್ಡ್ ಮಾದರಿಗಳು’ ಎನ್ನುತ್ತಾರೆ. ಬಹುಪಾಲು ಮಾದರಿಗಳ ಪ್ರಮಾಣ 48ರಲ್ಲಿ ಒಂದು. ಅಂದರೆ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲು ಅಂಗುಲ. ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ, ಪಕ್ಕೆಲುಬುಗಳಂಥ ತೊಲೆಗಳು ಕಾಣುವಂತೆ ಬಿಟ್ಟಿರುವುದು ಇವುಗಳ ವೈಶಿಷ್ಟ್ಯ. ಪೆಪಿಸ್ ಕೂತಿದ್ದ ಹುದ್ದೆಗೆ ಮುಂದೆ ಬಂದ ಚಾರ್ಲ್ಸ್ ಸರ್ಜಿಸನ್ ಅಂಥ ಮಾದರಿಗಳ ದೊಡ್ಡ ಸಂಗ್ರಹವನ್ನೇ ಮಾಡಿದ. ಅದು ಕೈಬದಲಾಗಿ ಕೊನೆಗೆ ಅಮೆರಿಕದ ಅನಾಪೊಲಿಸ್ ನೌಕಾ ಅಕಾಡೆಮಿ ಸೇರಿತು. ರಷ್ಯದ ಪೀಟರ್ ದೊರೆ ಹಾಲೆಂಡಿನಲ್ಲಿ ಬಡಗಿಯ ಉಡುಪು ತೊಟ್ಟು ಹಡಗು ಕಟ್ಟುವುದನ್ನು ಕಲಿತದ್ದು ಎಲ್ಲರಿಗೂ ಗೊತ್ತು. ಅವನ ಕಾಲದಲ್ಲಿಯೇ, 1709ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಶುರುವಾದ ‘ಮಾದರಿ ಕೋಣೆ’ ಇಂದಿನ ಅಲ್ಲಿನ ಕೇಂದ್ರ ನೌಕಾ ವಸ್ತುಸಂಗ್ರಹಾಲಯದ ಬೀಜ.

ಮಾದರಿಯೊಂದು ದೊರೆಯ ಮನಸ್ಸನ್ನು ತಿರುಗಿಸಿದ ಇನ್ನೊಂದು ಕಥೆಯೂ ಇದೆ. ಬೆಚ್ಚನೆಯ ಕಡಲುಗಳಲ್ಲಿ ಮರ ಕೊರೆಯುವ ಹುಳು ಹಡಗಿನ ತಳವನ್ನು ಜರಡಿ ಮಾಡುತ್ತಿತ್ತು. ತಳಕ್ಕೆ ತಾಮ್ರದ ತಗಡು ಹೊಡೆದರೆ ಹುಳು ತಟ್ಟದು, ಪಾಚಿ ಕಟ್ಟದು, ವೇಗವೂ ಹೆಚ್ಚು. ಆದರೆ ಇಡೀ ನೌಕಾಪಡೆಗೆ ತಾಮ್ರ ಹೊದಿಸುವ ಖರ್ಚು ಸಣ್ಣದಲ್ಲ. 1780ರ ಆಸುಪಾಸಿನಲ್ಲಿ ನೌಕಾ ಅಧಿಕಾರಿ ಚಾರ್ಲ್ಸ್ ಮಿಡಲ್‌ಟನ್ ಮೂರನೆಯ ಜಾರ್ಜ್ ದೊರೆಯ ಒಪ್ಪಿಗೆ ಪಡೆಯಲು ತೋರಿಸಿದ್ದು, ತಾಮ್ರದ ತಳವಿರುವ ‘ಬೆಲೋನಾ’ ಹಡಗಿನ ಮಾದರಿ ಎಂದು ನಂಬಲಾಗಿದೆ. ಅದು ಈಗ ಗ್ರೀನಿಚ್ಚಿನಲ್ಲಿದೆ. ತಾಮ್ರದ ತಳದ ಮಹತ್ವ ನಮ್ಮ ನಾಡಿಗೂ ತಿಳಿದಿತ್ತು. ಟಿಪ್ಪು ಸುಲ್ತಾನ್ ತನ್ನ ಕೊನೆಯ ವರ್ಷಗಳಲ್ಲಿ ಮಂಗಳೂರು, ಮಿರ್ಜಾನ್ ಸೀಮೆಯ ಹಡಗುಕಟ್ಟೆಗಳಲ್ಲಿ ಸುಮಾರು ನಲವತ್ತು ಯುದ್ಧನೌಕೆ ಕಟ್ಟಿಸುವ ಯೋಜನೆ ಹಾಕಿದಾಗ ಅವುಗಳಿಗೆ ತಾಮ್ರದ ತಳವನ್ನೇ ಸೂಚಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಕನಸೂ ಮುಗಿಯಿತು.

ಮೂಳೆಯ ಹಡಗುಗಳು

ಮಾದರಿ ಕಟ್ಟುವವರೆಲ್ಲ ದೊರೆಗಳ ಆಶ್ರಯದಲ್ಲಿರಲಿಲ್ಲ. ಫ್ರಾನ್ಸಿನೊಡನೆ ನಡೆದ ದೀರ್ಘ ಯುದ್ಧಗಳಲ್ಲಿ ಸಾವಿರಾರು ಫ್ರೆಂಚ್ ನಾವಿಕರು ಇಂಗ್ಲೆಂಡಿನಲ್ಲಿ ಸೆರೆಯಾದರು. 1797ರಲ್ಲಿ ತೆರೆದ ನಾರ್ಮನ್ ಕ್ರಾಸ್ ಸೆರೆಶಿಬಿರದಲ್ಲಿ ಅವರಿಗೆ ಸಮಯ ಧಾರಾಳವಾಗಿತ್ತು, ಸಾಮಾನು ಇರಲಿಲ್ಲ. ಊಟದ ಮಾಂಸದಲ್ಲಿ ಉಳಿದ ಮೂಳೆಗಳನ್ನು ಕುದಿಸಿ, ಬಿಳಿಚಿಸಿ, ಸೀಳಿ ಹಲಗೆ ಮಾಡಿದರು. ಕೂದಲು, ನೂಲು ಹೊಸೆದು ಹಗ್ಗ ಮಾಡಿದರು. ಶಿಬಿರದ ಬಾಗಿಲಲ್ಲಿ ನಡೆಯುತ್ತಿದ್ದ ಸಂತೆಯಲ್ಲಿ ಈ ಪುಟ್ಟ ಹಡಗುಗಳನ್ನು ಇಂಗ್ಲಿಷರೇ ಹಣ ಕೊಟ್ಟು ಕೊಂಡರು. ನಕ್ಷೆಯಿಲ್ಲದೆ ನೆನಪಿನಿಂದ ಮಾಡಿದ್ದರಿಂದ ಇವುಗಳ ಅಳತೆ ಅಷ್ಟಕ್ಕಷ್ಟೆ. ಮೂತಿ ತುಸು ಉದ್ದ, ಕೂವೆಮರ ತುಸು ಎತ್ತರ. ಆದರೆ ಯಾವ ಹಗ್ಗ ಎಲ್ಲಿಂದ ಹೊರಟು ಎಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದರಲ್ಲಿ ಅವರ ಕೈ ತಪ್ಪುವುದು ಅಪರೂಪ. ಆ ಹಗ್ಗಗಳನ್ನು ಬಿರುಗಾಳಿಯಲ್ಲಿ ಎಳೆದ ಕೈಗಳಲ್ಲವೇ!

ಕಟ್ಟುವ ಬಗೆ

ಮರದ ಹಾಯಿಹಡಗಿನ ನಿಖರವಾದ ಮಾದರಿಯೊಂದನ್ನು ಕಟ್ಟುವುದೆಂದರೆ ಹಡಗುಕಟ್ಟೆಯ ಕೆಲಸವನ್ನೇ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನಡೆಸುವುದು. ಮೊದಲು ಬೆನ್ನೆಲುಬಿನಂಥ ತಳದ ಮರ. ಇದಕ್ಕೆ ‘ಕೀಲ್’ ಎಂದು ಹೆಸರು. ಅದರ ಮೇಲೆ ಎರಡೂ ಬದಿಗೆ ಬಾಗಿದ ಪಕ್ಕೆಲುಬುಗಳು. ಒಂದೊಂದು ಪಕ್ಕೆಲುಬೂ ಹಲವು ತುಂಡುಗಳ ಜೋಡಣೆ, ಏಕೆಂದರೆ ಅಷ್ಟು ದೊಡ್ಡ ಬಾಗು ಯಾವ ಮರದಲ್ಲಿಯೂ ಒಂದೇ ತುಂಡಾಗಿ ಸಿಗದು. ಪಕ್ಕೆಲುಬುಗಳೆಲ್ಲ ನಿಂತ ಮೇಲೆ ತೆಳುವಾದ ಪಟ್ಟಿಯೊಂದನ್ನು ಅವುಗಳ ಮೇಲೆ ಬಾಗಿಸಿ ಹಿಡಿಯುತ್ತಾರೆ. ಪಟ್ಟಿ ಎಲ್ಲ ಕಡೆಯೂ ಮೈಗೆ ಅಂಟಿಕೊಂಡರೆ ಸರಿ. ಎಲ್ಲಾದರೂ ಉಬ್ಬಿದರೆ ಅಥವಾ ಸಂದು ಬಿಟ್ಟರೆ ಅಲ್ಲಿ ತಪ್ಪಿದೆ ಎಂದರ್ಥ.

ಮುಂದಿನದು ಹಲಗೆ ಹೊದಿಸುವುದು. ಹಡಗಿನ ಹೊಟ್ಟೆ ದಪ್ಪ, ಮೂತಿ ಕಿರಿದು. ಒಂದೇ ಅಗಲದ ಹಲಗೆಗಳನ್ನು ಹೊಡೆಯುತ್ತಾ ಹೋದರೆ ಮೂತಿಯ ಬಳಿ ಅವು ಒಂದರ ಮೇಲೊಂದು ಹತ್ತುತ್ತವೆ. ಆದ್ದರಿಂದ ಪ್ರತಿ ಹಲಗೆಯನ್ನೂ ತುದಿಯತ್ತ ಲೆಕ್ಕಹಾಕಿ ಕಿರಿದು ಮಾಡಿ, ನೀರಲ್ಲಿ ನೆನೆಸಿ, ಬಿಸಿಗೆ ಬಾಗಿಸಬೇಕು. ಹಡಗಿನಲ್ಲಿ ಹಲಗೆಗಳನ್ನು ಹಿಡಿದಿಡುತ್ತಿದ್ದ ಮರದ ಗೂಟಗಳನ್ನು ಮಾದರಿಯಲ್ಲಿ ಬಿದಿರಿನ ಎಳೆಗಳಿಂದ ಮಾಡುತ್ತಾರೆ. ಅಕ್ಕಸಾಲಿಗರು ಚಿನ್ನದ ತಂತಿಯನ್ನು ಉಕ್ಕಿನ ಪಟ್ಟಿಯ ತೂತುಗಳಲ್ಲಿ ಎಳೆದು ಸಣ್ಣ ಮಾಡುವಂತೆಯೇ ಬಿದಿರಿನ ಕಡ್ಡಿಯನ್ನೂ ಒಂದಕ್ಕಿಂತ ಒಂದು ಕಿರಿದಾದ ತೂತುಗಳಲ್ಲಿ ಎಳೆಯುತ್ತಾರೆ.

ಮರದ ಆಯ್ಕೆಯಲ್ಲಿ ಒಂದು ಸೋಜಿಗವಿದೆ. ಇಂಗ್ಲೆಂಡಿನ ಯುದ್ಧನೌಕೆಗಳು ಓಕ್ ಮರದವು. ಆದರೆ ಮಾದರಿಯನ್ನೂ ಓಕ್ ಮರದಿಂದ ಮಾಡಿದರೆ ಅದು ಸುಳ್ಳಾಗಿ ಕಾಣುತ್ತದೆ! ಹಡಗು ಕುಗ್ಗುತ್ತದೆ, ಮರದ ನರ ಮತ್ತು ರಂಧ್ರಗಳು ಕುಗ್ಗುವುದಿಲ್ಲ. ಹಲಗೆಯ ಮೇಲಿನ ಸಣ್ಣ ರಂಧ್ರ ಮಾದರಿಯ ಲೆಕ್ಕದಲ್ಲಿ ಬೆರಳು ತೂರುವಷ್ಟು ದೊಡ್ಡದಾಗಿ ತೋರುತ್ತದೆ. ಅದಕ್ಕೇ ನರ ಕಾಣದ ಪೇರ್ ಹಣ್ಣಿನ ಮರ, ಬಾಕ್ಸ್‌ವುಡ್ ಮುಂತಾದವನ್ನು ಹಳಬರೂ ಆರಿಸಿದರು, ಇಂದಿನವರೂ ಆರಿಸುತ್ತಾರೆ. ನಿಜವನ್ನು ತೋರಿಸಲು ನಿಜವಾದ ಮರವನ್ನೇ ಬಿಡಬೇಕಾಗುತ್ತದೆ.

ಲೆಕ್ಕವನ್ನು ‘ವಿಕ್ಟರಿ’ ಹಡಗಿನಿಂದ ತಿಳಿಯಬಹುದು. 1765ರಲ್ಲಿ ನೀರಿಗಿಳಿದ, 1805ರ ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ ಪ್ರಾಣ ಬಿಟ್ಟ ಈ ಹಡಗು ಇಂದಿಗೂ ಪೋರ್ಟ್ಸ್‌ಮತ್‌ನಲ್ಲಿದೆ. ಅದರ ಫಿರಂಗಿ ಅಂತಸ್ತಿನ ಉದ್ದ 186 ಅಡಿ. 48ರಲ್ಲಿ ಒಂದರ ಮಾದರಿಯಲ್ಲಿ ಅದು ಮೂರು ಅಡಿ ಹತ್ತೂವರೆ ಅಂಗುಲ. ಹಡಗಿನ ಸುಮಾರು 26 ಮೈಲಿ ಹಗ್ಗ ಮಾದರಿಯಲ್ಲಿ ಅರ್ಧ ಮೈಲಿಗೂ ಮಿಗಿಲಾದ ನೂಲಾಗುತ್ತದೆ. ಆದರೆ ಗಾತ್ರ ಮತ್ತು ತೂಕ ಕುಗ್ಗುವುದು 48 ಪಟ್ಟು ಅಲ್ಲ. 48ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 1,10,592 ಪಟ್ಟು. ಹೀಗಾಗಿ 3,500 ಟನ್ನಿನ ಹಡಗು ಮಾದರಿಯಲ್ಲಿ ಸುಮಾರು 32 ಕಿಲೋ ತೂಗಬೇಕಾಗುತ್ತದೆ. ‘ವಿಕ್ಟರಿ’ಯ ಇಂಥದೇ ಮಾದರಿಯನ್ನು ನೇಪಿಯನ್ ಲಾಂಗ್‌ರಿಜ್ ಎಂಬ ವೈದ್ಯರು ಕಟ್ಟಿದರು. ಕಟ್ಟುವಾಗ ಕಂಡುಕೊಂಡದ್ದನ್ನೆಲ್ಲ 1955ರಲ್ಲಿ ಪುಸ್ತಕವಾಗಿ ಬರೆದರು. ನೆಲ್ಸನ್ ಕಾಲದ ಹಡಗುಗಳ ಒಡಲನ್ನು ಅರಿಯಲು ಅದು ಇಂದಿಗೂ ಕೈಪಿಡಿ. ಮಾದರಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಸೇರಿದೆ.

ಅಳತೆ ತಪ್ಪಿದರೆ

ಚಂದದ ಹಡಗೆಲ್ಲ ತೇಲುವ ಹಡಗಾಗಬೇಕೆಂದಿಲ್ಲ. ಸ್ವೀಡನ್ನಿನ ಗುಸ್ತಾವ್ ಅಡಾಲ್ಫ್ ದೊರೆ ಕಟ್ಟಿಸಿದ ‘ವಾಸಾ’ ಇದಕ್ಕೆ ಕಣ್ಣೀರಿನ ಉದಾಹರಣೆ. 64 ಫಿರಂಗಿಗಳ ಈ ಹಡಗನ್ನು ನಕ್ಷೆಯಿಲ್ಲದೆ, ಅನುಭವದ ಅಂದಾಜಿನಲ್ಲಿ ಕಟ್ಟಲಾಯಿತು. ಹಿರಿಯ ಶಿಲ್ಪಿ ಹೆನ್ರಿಕ್ ಹಿಬರ್ಟ್‌ಸನ್ ಕೆಲಸ ಮುಗಿಯುವ ಮೊದಲೇ, 1627ರಲ್ಲಿ, ತೀರಿಕೊಂಡ. ಹೊರಡುವ ಮುನ್ನ 30 ಮಂದಿಯನ್ನು ಅಂತಸ್ತಿನ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷಿಸಿದರು. ಮೂರನೆಯ ಓಟಕ್ಕೇ ಹಡಗು ಎಷ್ಟು ತೂಗಾಡಿತೆಂದರೆ ಪರೀಕ್ಷೆ ನಿಲ್ಲಿಸಬೇಕಾಯಿತು. ಆದರೂ ದೊರೆಯ ಅವಸರಕ್ಕೆ ಎದುರಾಡುವವರಿರಲಿಲ್ಲ. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನ ಬಂದರಿನಲ್ಲಿಯೇ, ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ, ಗಾಳಿಯೊಂದು ಬೀಸಿ ಹಡಗು ವಾಲಿತು. ತೆರೆದ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಸುಮಾರು 30 ಮಂದಿ ಸತ್ತರು.

1961ರ ಏಪ್ರಿಲ್ 24ರಂದು ಅದನ್ನು ಮೇಲೆತ್ತಲಾಯಿತು. ಈಗ ಅದರ ಪಕ್ಕದಲ್ಲಿಯೇ ಹತ್ತರಲ್ಲಿ ಒಂದು ಅಳತೆಯ ಮಾದರಿ, ಹಾಯಿ ಬಿಚ್ಚಿ, ಬಣ್ಣ ಬಳಿದು ನಿಂತಿದೆ. ಮುನ್ನೂರು ವರ್ಷ ಕೆಸರಲ್ಲಿದ್ದ ಕಪ್ಪು ಮರದಲ್ಲಿ ಕಾಣದ್ದನ್ನು ಇದು ಕಾಣಿಸುತ್ತದೆ. ಹಡಗಿನ ಬಣ್ಣ ನೀಲಿ ಎಂದು ಬಹುಕಾಲ ತಿಳಿದಿದ್ದರು. ಮರಕ್ಕೆ ಅಂಟಿದ್ದ ಬಣ್ಣದ ಕಣಗಳ ಪರೀಕ್ಷೆಯಿಂದ ಹಿನ್ನೆಲೆ ಕೆಂಪೆಂದು ತಿಳಿಯಿತು. ಮಾದರಿಯೂ ಕೆಂಪಾಗಿ ನಿಂತಿದೆ.

ಪುಟ್ಟ ಮಾದರಿಯಿಂದ ದೊಡ್ಡ ಹಡಗಿನ ನಡೆಯನ್ನು ಲೆಕ್ಕಹಾಕುವ ಸರಿಯಾದ ದಾರಿ ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1872ರಲ್ಲಿ ಟಾರ್ಕೀ ಊರಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ ಅದರಲ್ಲಿ ಮಾದರಿಗಳನ್ನು ಎಳೆದು ಪರೀಕ್ಷಿಸಿದ. ಹಡಗಿನ ಹದಿನಾರನೆಯ ಒಂದು ಉದ್ದದ ಮಾದರಿಯನ್ನು ಹದಿನಾರನೆಯ ಒಂದು ವೇಗದಲ್ಲಿ ಎಳೆದರೆ ಉಪಯೋಗವಿಲ್ಲ. ಅದರ ವರ್ಗಮೂಲವಾದ ನಾಲ್ಕನೆಯ ಒಂದು ವೇಗದಲ್ಲಿ ಎಳೆದಾಗ ಮಾತ್ರ ಎರಡೂ ಎಬ್ಬಿಸುವ ಅಲೆಗಳ ಆಕಾರ ಒಂದೇ ಆಗುತ್ತದೆ ಎಂದು ತೋರಿಸಿಕೊಟ್ಟ. ದುರ್ದೈವವೆಂದರೆ ಆ ಹೊತ್ತಿಗೆ ಮರದ ಹಾಯಿಹಡಗಿನ ಯುಗವೇ ಮುಗಿಯುತ್ತಿತ್ತು.

ಗೋಡೆಯ ಚಿತ್ರದಿಂದ ಕಡಲಿಗೆ

ನಮ್ಮ ದೇಶದಲ್ಲಿ ಹಡಗು ಕಟ್ಟುವ ವಿದ್ಯೆ ಬಹುಮಟ್ಟಿಗೆ ಕಾಗದವನ್ನು ಅವಲಂಬಿಸಲಿಲ್ಲ. ಕೇರಳದ ಬೇಪೂರಿನಲ್ಲಿ ‘ಉರು’ ಎಂಬ ದೊಡ್ಡ ಮರದ ಹಡಗುಗಳನ್ನು ಮೇಸ್ತ್ರಿಗಳು ನಕ್ಷೆ ಬರೆಯದೆ ಮನಸ್ಸಿನ ಲೆಕ್ಕದಿಂದಲೇ ಕಟ್ಟುತ್ತಾ ಬಂದಿದ್ದಾರೆ. ನಕ್ಷೆ ಹಿಡಿದು ಕಟ್ಟುವುದೂ ನಮ್ಮವರಿಗೆ ಬಾರದ್ದಲ್ಲ. ಮುಂಬಯಿಯ ವಾಡಿಯಾ ಮನೆತನದ ಪಾರಸಿ ಶಿಲ್ಪಿಗಳು ಬ್ರಿಟಿಷ್ ನೌಕಾಪಡೆಗೇ ತೇಗದ ಯುದ್ಧನೌಕೆ ಕಟ್ಟಿಕೊಟ್ಟರು. ಅವರು 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕಾಮಲೀ’ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಓಕ್ ಮರದ ಎಷ್ಟೋ ಸಮಕಾಲೀನ ಹಡಗುಗಳು ಕೊಳೆತುಹೋದರೂ ಪಶ್ಚಿಮ ಕರಾವಳಿಯ ತೇಗ ಬಾಳಿತು.

ಆದರೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ವಿದ್ಯೆಗೆ ಒಂದು ಅಪಾಯವಿದೆ. ಕೊಂಡಿ ಕಳಚಿದರೆ ಹಿಡಿದು ನಡೆಯಲು ಏನೂ ಇರದು. ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟುತ್ತಿದ್ದ ಪ್ರಾಚೀನ ಭಾರತದ ಹಡಗುಗಳನ್ನು ಮತ್ತೆ ಕಟ್ಟಲು 2023ರಲ್ಲಿ ಹೊರಟಾಗ ಆದದ್ದು ಇದೇ. ಕೇಂದ್ರ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವಾದ ಖಾಸಗಿ ಹಡಗುಕಟ್ಟೆಯೊಂದು ಸೇರಿ ಕೈಗೊಂಡ ಈ ಕೆಲಸಕ್ಕೆ ಆಧಾರವಾದದ್ದು ನಕ್ಷೆಯಲ್ಲ, ಅಜಂತಾದ ಗುಹೆಯಲ್ಲಿನ ಐದನೆಯ ಶತಮಾನದ ಒಂದು ಚಿತ್ರ. ಚಿತ್ರಕಾರ ಕಂಡಿದ್ದು ಹಡಗಿನ ಒಂದು ಮಗ್ಗುಲು; ಅದರ ಅಗಲ, ತಳದ ಬಾಗು, ಭಾರ ಯಾವುದನ್ನೂ ಗೋಡೆ ಹೇಳದು. ಅವನ್ನು ಅಳತೆಯಿಂದ ಊಹಿಸಿ, ಮದರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಲಾಯಿತು. ಹೊಲಿಗೆಯ ವಿದ್ಯೆಯನ್ನು ಇನ್ನೂ ಕೈಯಲ್ಲಿ ಉಳಿಸಿಕೊಂಡಿದ್ದ ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ನೇತೃತ್ವದಲ್ಲಿ ಹಡಗು ಕಟ್ಟಿದರು.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅದಕ್ಕೆ ‘ಕೌಂಡಿನ್ಯ’ ಎಂದು ಹೆಸರಿಟ್ಟು ನೌಕಾಪಡೆಗೆ ಸೇರಿಸಲಾಯಿತು. ಅದರ ಹಾಯಿಯ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡವಿದೆ. 2025ರ ಡಿಸೆಂಬರ್ ಕೊನೆಯಲ್ಲಿ ಪೋರಬಂದರಿನಿಂದ ಹೊರಟ ಹಡಗು 2026ರ ಜನವರಿಯಲ್ಲಿ ಒಮಾನಿನ ಮಸ್ಕತ್ ಮುಟ್ಟಿತು. ತೊಟ್ಟಿಯ ನೀರಿನಲ್ಲಿ ಮಾದರಿ ಹೇಳಿದ ಭವಿಷ್ಯವನ್ನು ಅರಬ್ಬೀ ಸಮುದ್ರ ಸುಳ್ಳು ಮಾಡಲಿಲ್ಲ.

ಒಂದು ಮಾದರಿಯ ಮೇಲೆ ವರ್ಷಗಟ್ಟಲೆ ಬಾಗಿ ಕೂರುವವರನ್ನು ಕಂಡು ಇದೆಂಥ ಹುಚ್ಚು ಎಂದು ನಗುವವರಿದ್ದಾರೆ. ಓದಿದ್ದು ಮರೆಯಬಹುದು, ಕೇಳಿದ್ದು ಬದಲಾಗಬಹುದು. ಸ್ವತಃ ಕೊರೆದು ಕೂರಿಸಿದ ಪಕ್ಕೆಲುಬು ಸುಳ್ಳು ಹೇಳುವುದಿಲ್ಲ. ಅಳತೆ ಸರಿಯಿದ್ದರೆ ಕೂರುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಕರಾವಳಿಯ ಮರದ ಹಡಗುಗಳು ಒಂದೊಂದಾಗಿ ಮರೆಯಾಗುತ್ತಿವೆ. ಅವುಗಳನ್ನು ಕಟ್ಟಬಲ್ಲ ಹಿರಿಯ ಮೇಸ್ತ್ರಿಗಳು ಕಣ್ಣೆದುರಿಗೆ ಇರುವಾಗಲೇ ಒಂದೊಂದು ಬಗೆಯ ಹಡಗಿನದೂ ಅಳತೆಗೆ ಸರಿಯಾದ ಮಾದರಿಯೊಂದನ್ನು ಅವರ ಕೈಯಿಂದ ಮಾಡಿಸಿಟ್ಟರೆ, ಮುಂದಿನವರು ಗೋಡೆಯ ಚಿತ್ರ ನೋಡಿ ಊಹಿಸುವ ಕಷ್ಟ ತಪ್ಪೀತು.